ಕನ್ನಂಬಾಡಿಗೆ ಅಡಿಪಾಯ ಹಾಕಿದ್ದು ಯಾರು? ಜಗಳ ಒಂದೇ, ಪ್ರಶ್ನೆ ಮಾತ್ರ ಹಲವು

2025ರ ಆಗಸ್ಟ್ ಶುರುವಿನಲ್ಲಿ ಶ್ರೀರಂಗಪಟ್ಟಣದಲ್ಲಿ ಸಚಿವ ಎಚ್.ಸಿ. ಮಹದೇವಪ್ಪ ಒಂದು ಮಾತು ಹೇಳಿದರು. ಕನ್ನಂಬಾಡಿ ಕಟ್ಟೆಗೆ, ಅಂದರೆ ಕೆಆರ್‌ಎಸ್ ಅಣೆಕಟ್ಟೆಗೆ, ಮೊದಲು ಅಡಿಪಾಯ ಹಾಕಿದ್ದು ಟಿಪ್ಪು ಸುಲ್ತಾನ್, ಆದರೆ ಅದನ್ನು ಹೇಳುವ ಧೈರ್ಯ ಯಾರಿಗೂ ಇಲ್ಲ ಅಂತ. ಅಲ್ಲಿಂದ ಶುರುವಾಯಿತು ನೋಡಿ. 1799ರಲ್ಲಿ ಸತ್ತವನು 1911ರಲ್ಲಿ ಕೆಲಸ ಶುರುವಾದ ಕಟ್ಟೆಗೆ ಅಡಿಪಾಯ ಹಾಕಿದ್ದು ಹೇಗೆ ಅಂತ ಒಂದು ಕಡೆ ಗೇಲಿ. ಕಟ್ಟೆಯ ಬಾಗಿಲಲ್ಲೇ ಶಾಸನ ಇದೆ, ಹೋಗಿ ಓದಿಕೊಳ್ಳಿ ಅಂತ ಇನ್ನೊಂದು ಕಡೆ ಸವಾಲು.

ಇದಕ್ಕೂ ಕೆಲವು ದಿನ ಮುಂಚೆ, ಜುಲೈ ಕೊನೆಯಲ್ಲಿ, ಯತೀಂದ್ರ ಸಿದ್ದರಾಮಯ್ಯ ಅವರ ಮಾತು ಸುದ್ದಿಯಾಗಿತ್ತು. ಮೈಸೂರಿಗೆ ನಾಲ್ವಡಿ ಕೃಷ್ಣರಾಜ ಒಡೆಯರ್ ಮಾಡಿದಷ್ಟೇ, ಅಥವಾ ಅದಕ್ಕಿಂತ ಜಾಸ್ತಿ ಕೆಲಸವನ್ನು ಆಗ ಮುಖ್ಯಮಂತ್ರಿಯಾಗಿದ್ದ ತಮ್ಮ ತಂದೆ ಸಿದ್ದರಾಮಯ್ಯ ಮಾಡಿದ್ದಾರೆ ಎನ್ನುವ ಅರ್ಥದ ಮಾತು ಅದು. ಆ ಬಿಸಿ ಆರುವ ಮೊದಲೇ ಟಿಪ್ಪು ಬಂದ. ಹಾಗಾಗಿ ಮೈಸೂರು, ಮಂಡ್ಯದ ಕಡೆ ಇದು ಬರೀ ಇತಿಹಾಸದ ಚರ್ಚೆಯಾಗಿ ಉಳಿಯಲಿಲ್ಲ. ನಾಲ್ವಡಿಯವರನ್ನು ಚಿಕ್ಕವರನ್ನಾಗಿ ಮಾಡುತ್ತಿದ್ದಾರೆ ಅಂತ ಜನಕ್ಕೆ ಅನ್ನಿಸಿತು.

ಇತಿಹಾಸ ಓದುವ ನಮ್ಮಂಥ ವಿದ್ಯಾರ್ಥಿಗಳನ್ನು ಸಂಬಂಧಿಕರು, ಅಕ್ಕಪಕ್ಕದವರು ಕೇಳುವ ಪ್ರಶ್ನೆ ಒಂದೇ: ಯಾವುದು ನಿಜ? ಎರಡೂ ಕಡೆಯವರ ಕೈಯಲ್ಲಿ ಒಂದೊಂದು ನಿಜದ ತುಂಡು ಇದೆ. ಇಬ್ಬರೂ ಉತ್ತರ ಕೊಡುತ್ತಿರುವುದು ಬೇರೆ ಬೇರೆ ಪ್ರಶ್ನೆಗೆ. ಆ ಪ್ರಶ್ನೆಗಳನ್ನು ಬಿಡಿಸಿ ಇಟ್ಟರೆ ಜಗಳ ಅರ್ಧ ಕರಗುತ್ತದೆ. ಕರಗುವುದು ರಾಜಕೀಯಕ್ಕೆ ಬೇಕಾಗಿಲ್ಲ, ಅದಕ್ಕೇ ಯಾರೂ ಬಿಡಿಸುವುದಿಲ್ಲ.

ಕಲ್ಲಿನ ಮೇಲೆ ಏನಿದೆ?

ಶಾಸನ ಕಟ್ಟುಕತೆ ಅಲ್ಲ. ಕೆಆರ್‌ಎಸ್ ಪ್ರವೇಶದ ಹತ್ತಿರ ಪರ್ಷಿಯನ್ ಭಾಷೆಯ ಶಾಸನ ಇದೆ, ಜೊತೆಗೆ ಅದರ ಅನುವಾದವೂ ಇದೆ. ಬೃಂದಾವನದ ಕಾರಂಜಿ ನೋಡುವ ಗಡಿಬಿಡಿಯಲ್ಲಿ ಹೆಚ್ಚಿನವರು ಅದರ ಮುಂದೆ ನಿಲ್ಲುವುದಿಲ್ಲ, ಅಷ್ಟೆ. ರಾಜಧಾನಿಯ ಪಶ್ಚಿಮಕ್ಕೆ ಕಾವೇರಿಗೆ ಅಡ್ಡಲಾಗಿ ಕಟ್ಟುವ ಕಟ್ಟೆಗೆ ಟಿಪ್ಪು ಅಡಿಪಾಯ ಹಾಕಿದ ಎಂದು ಅದು ಹೇಳುತ್ತದೆ. ಮುಹೂರ್ತದ ವಿವರವೂ ಇದೆ: ಸೋಮವಾರ, ಸೂರ್ಯ ಹುಟ್ಟುವ ಮುಂಚೆ, ಶುಕ್ರ ಗ್ರಹ, ವೃಷಭ ರಾಶಿ. ಕಾಲ 1790ರ ದಶಕ.

ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಅದರ ಮುಂದಿನ ಸಾಲುಗಳು. ಈ ಕಟ್ಟೆಯ ನೀರಿನಿಂದ ಹೊಸದಾಗಿ ಬೇಸಾಯಕ್ಕೆ ಇಳಿಯುವವರಿಂದ, ಉಳಿದ ರೈತರಿಂದ ತೆಗೆದುಕೊಳ್ಳುವ ಕಂದಾಯದ ಮುಕ್ಕಾಲು ಪಾಲು ಮಾತ್ರ ತೆಗೆದುಕೊಳ್ಳಬೇಕು. ಕಾಲು ಪಾಲನ್ನು ದೇವರ ಹೆಸರಲ್ಲಿ ಬಿಡಬೇಕು. ಹಾಗೆ ಹಸನು ಮಾಡಿದ ನೆಲ ಅವರ ಮಕ್ಕಳು ಮೊಮ್ಮಕ್ಕಳಿಗೇ ಉಳಿಯಬೇಕು. ಅಡ್ಡಿ ಮಾಡುವವನು ಸೈತಾನನ ಹಾಗೆ ಮನುಷ್ಯಕುಲಕ್ಕೇ ಶತ್ರು. ನಮ್ಮ ಹಳೆಯ ದತ್ತಿ ಶಾಸನಗಳ ಕೊನೆಯಲ್ಲಿ, ಇದನ್ನು ಅಳಿದವನು ಕಾಶಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪಕ್ಕೆ ಹೋಗಲಿ ಅಂತ ಬರುತ್ತದಲ್ಲ, ಹೆಚ್ಚುಕಡಿಮೆ ಅದೇ ಧಾಟಿ. ದೊರೆ ಬದಲಾದ, ಭಾಷೆ ಬದಲಾಯಿತು, ಶಾಪ ಹಾಕುವ ರೂಢಿ ಬದಲಾಗಲಿಲ್ಲ.

ಈಗ ಈ ಕಲ್ಲು ಏನನ್ನು ಸಾಬೀತು ಮಾಡುತ್ತದೆ ನೋಡೋಣ. ಅಲ್ಲೊಂದು ಕಟ್ಟೆ ಕಟ್ಟುವ ಉದ್ದೇಶ ಟಿಪ್ಪುವಿಗೆ ಇತ್ತು. ಅದಕ್ಕೆ ವಿಧಿಪೂರ್ವಕ ಅಡಿಪಾಯ ಆಯಿತು ಎಂದು ಅವನ ಆಡಳಿತವೇ ಬರೆಸಿತು. ನೀರಾವರಿಯಿಂದ ಬೇಸಾಯ ಹೆಚ್ಚಿಸುವ ಕಂದಾಯ ನೀತಿಯೂ ಅದರ ಜೊತೆಗಿತ್ತು. ಇವಿಷ್ಟು ಗಟ್ಟಿ. ಎಷ್ಟು ಕಟ್ಟಿದರು ಅನ್ನುವುದನ್ನು ಕಲ್ಲು ಹೇಳುವುದಿಲ್ಲ. ನೂರು ವರ್ಷದ ನಂತರದ ಕಟ್ಟೆ ಇದರ ಮೇಲೇ ನಿಂತಿದೆ ಅಂತಲೂ ಹೇಳುವುದಿಲ್ಲ, ಹೇಗೆ ತಾನೆ ಹೇಳೀತು? ಜೊತೆಗೆ ಇದು ದೊರೆ ತನ್ನ ಬಗ್ಗೆ ತಾನೇ ಬರೆಸಿಕೊಂಡದ್ದು ಎನ್ನುವುದನ್ನೂ ಮರೆಯಬಾರದು. ಗುದ್ದಲಿ ಪೂಜೆ ಮುಗಿದು, ಕಲ್ಲಿನ ಮೇಲೆ ಹೆಸರೂ ಬಿದ್ದು, ಆಮೇಲೆ ಏನೂ ಮೇಲೇಳದ ಕಾಮಗಾರಿಗಳು ನಮ್ಮ ಕಾಲದಲ್ಲೂ ಎಷ್ಟಿಲ್ಲ!

ಕಟ್ಟೆ ಮೇಲೇಳಲಿಲ್ಲ ಅನ್ನುವುದಕ್ಕೆ ಆ ಕಾಲದ ಸ್ಥಿತಿ ನೋಡಿದರೆ ಸಾಕು. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, 3 ಕೋಟಿ 30 ಲಕ್ಷ ರೂಪಾಯಿ ಪರಿಹಾರಕ್ಕೆ ಒಪ್ಪಿದ, ಇಬ್ಬರು ಮಕ್ಕಳನ್ನು ಒತ್ತೆ ಇಟ್ಟ. ಅಂಥ ಖಜಾನೆಯಿಂದ ಕಾವೇರಿಗೆ ದೊಡ್ಡ ಕಟ್ಟೆ ಕಟ್ಟುವುದು ಸುಲಭವಲ್ಲ. 1799ರ ಮೇ 4ಕ್ಕೆ ಅವನ ರಾಜ್ಯವೇ ಮುಗಿಯಿತು.

ಇನ್ನೂ ಒಂದು ಮಾತು. ಕಾವೇರಿಗೆ ಅಡ್ಡಗಟ್ಟೆ ಹಾಕುವ ಯೋಚನೆ ಟಿಪ್ಪುವಿನಿಂದ ಶುರುವಾದದ್ದೂ ಅಲ್ಲ. ತಲಕಾಡಿನ ಹತ್ತಿರದ ಮಾಧವಮಂತ್ರಿ ಕಟ್ಟೆ ಎಷ್ಟೋ ಹಳೆಯದು. ಕಂಠೀರವ ನರಸರಾಜ ಒಡೆಯರ ಕಾಲದ ಬಂಗಾರದೊಡ್ಡಿ ನಾಲೆ, ಚಿಕ್ಕದೇವರಾಜ ಒಡೆಯರ ಹೆಸರಿನ ಚಿಕ್ಕದೇವರಾಜ ಸಾಗರ ನಾಲೆ ಶ್ರೀರಂಗಪಟ್ಟಣದ ಸುತ್ತ ಇವತ್ತಿಗೂ ಗದ್ದೆಗೆ ನೀರು ಕೊಡುತ್ತಿವೆ. ಸಿಡಿಎಸ್ ನಾಲೆ ಅಂದರೆ ಆ ಕಡೆಯ ರೈತರಿಗೆ ಬೇರೆ ಪರಿಚಯ ಬೇಡ. ಅಂದಮೇಲೆ "ಮೊದಲು" ಎಂಬ ಪಟ್ಟಕ್ಕೆ ಜಗಳ ಆಡುವವರು ಎಲ್ಲಿಂದ ಎಣಿಸುತ್ತಾರೆ ಅಂತ ಕೇಳಬೇಕಾಗುತ್ತದೆ.

1911ರಿಂದ ಮುಂದೆ ಆಗಿದ್ದು

ಈಗ ನಿಂತಿರುವ ಕಟ್ಟೆಯ ಕಥೆಗೆ ದಾಖಲೆಗಳ ಕೊರತೆ ಇಲ್ಲ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಲ್ಲಿ ವಿದ್ಯುತ್ ಹೋಗಲು ಶುರುವಾಯಿತು. ಬೇಸಿಗೆಯಲ್ಲಿ ಹೊಳೆ ಸೊರಗಿದರೆ ವಿದ್ಯುತ್ತೂ ಸೊರಗುತ್ತದೆ, ಗಣಿ ಕಂಪನಿಗೆ ಕೊಟ್ಟ ಮಾತು ತಪ್ಪುತ್ತದೆ. ಹಾಗಾಗಿ ನೀರು ಹಿಡಿದಿಡಲು ಮೇಲ್ಗಡೆ ಜಲಾಶಯ ಬೇಕಾಯಿತು. ನೀರಾವರಿ ಅದರ ಜೊತೆಗೆ ಬಂದ ದೊಡ್ಡ ಲಾಭ. ರೈತರಿಗಾಗಿಯೇ ಕಟ್ಟಿದ್ದು ಅಂತ ಹೇಳುವಾಗ ಈ ಗಣಿಯ ಕಥೆಯನ್ನು ನಾವು ಬಿಟ್ಟುಬಿಡುತ್ತೇವೆ.

ವಿಶ್ವೇಶ್ವರಯ್ಯ 1909ರಲ್ಲಿ ಮುಖ್ಯ ಎಂಜಿನಿಯರ್ ಆಗಿ ಬಂದರು. 1911ರಲ್ಲಿ ಮೊದಲ ಹಂತಕ್ಕೆ 81 ಲಕ್ಷ ರೂಪಾಯಿ ಮಂಜೂರಾಗಿ ಕೆಲಸ ಶುರುವಾಯಿತು. 1912ರಲ್ಲಿ ಅವರೇ ದಿವಾನರಾದರು, 1918ರವರೆಗೆ ಇದ್ದರು. ಮದ್ರಾಸ್ ಸರ್ಕಾರ ತಗಾದೆ ತೆಗೆಯಿತು. ಸಣ್ಣ ಕಟ್ಟೆಗೆ ಒಪ್ಪಿಗೆ ಇದ್ದಾಗಲೇ ಮೈಸೂರು ಪೂರ್ತಿ ಎತ್ತರಕ್ಕೆ ಬೇಕಾಗುವಷ್ಟು ಅಗಲದ ಬುನಾದಿ ಹಾಕಿತು. ಇದು ಜಾಣತನವೋ ಮೊಂಡುತನವೋ ಅನ್ನುವುದು ನೀವು ಕಾವೇರಿಯ ಯಾವ ಕಡೆ ಕೂತಿದ್ದೀರಿ ಅನ್ನುವುದರ ಮೇಲೆ ಹೋಗುತ್ತದೆ. 1914ರಲ್ಲಿ ಮಧ್ಯಸ್ಥಿಕೆಯ ತೀರ್ಪು ಬಂತು, ಮೇಲ್ಮನವಿ ಆಯಿತು, ಕೊನೆಗೆ 1924ರ ಒಪ್ಪಂದದಲ್ಲಿ ಅದು ಒಂದು ಮಟ್ಟಕ್ಕೆ ಬಂದು ನಿಂತಿತು. ಕೆಲಸ ಮುಗಿಯುವ ಹೊತ್ತಿಗೆ 1930ರ ದಶಕದ ಬಾಗಿಲು, ದಿವಾನರು ಮಿರ್ಜಾ ಇಸ್ಮಾಯಿಲ್. ನಡುವೆ ಕಾಂತರಾಜ ಅರಸ್, ಆಲ್ಬಿಯನ್ ಬ್ಯಾನರ್ಜಿ ದಿವಾನರಾಗಿದ್ದರು. ಅವರ ಹೆಸರು ಈ ಜಗಳದಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ.

ಸಿಮೆಂಟ್ ಬದಲು ಸುಣ್ಣ, ಇಟ್ಟಿಗೆ ಪುಡಿಯ ಸುರ್ಕಿ ಗಾರೆ ಬಳಸಿ, ಕಲ್ಲಿನ ಮೇಲೆ ಕಲ್ಲಿಟ್ಟು ಎರಡೂವರೆ ಕಿಲೋಮೀಟರಿಗೂ ಉದ್ದದ ಗೋಡೆ ಎಬ್ಬಿಸಿದ ಕೂಲಿಗಳ ಹೆಸರಂತೂ ಕೇಳಲೇಬೇಡಿ. ಮುಳುಗಿದ ಊರುಗಳವರೂ ಹಾಗೇ. ಹಳೇ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನ ನೀರಿಗೆ ಹೋಗಿ, ಬರಗಾಲದಲ್ಲಿ ಮಾತ್ರ ತಲೆ ಎತ್ತುತ್ತಿತ್ತು. ಎಷ್ಟೋ ವರ್ಷದ ಮೇಲೆ ಅದನ್ನು ಕಳಚಿ ದಡದ ಮೇಲೆ ಮತ್ತೆ ಕಟ್ಟಿದರು. ದೇವರಿಗೆ ಹೊಸ ಮನೆ ಸಿಕ್ಕಿದ್ದು ಎಲ್ಲರಿಗೂ ಗೊತ್ತು. ಊರು ಬಿಟ್ಟವರು ಎಲ್ಲಿ ಹೋಗಿ ನೆಲೆ ನಿಂತರು ಅಂತ ವಿಚಾರಿಸುವವರು ಕಡಿಮೆ.

ಒಂದೇ ಗಂಟಿಗೆ ಕಟ್ಟಿದ ಪ್ರಶ್ನೆಗಳು

ಈಗ ಬಿಡಿಸಿ ನೋಡಿ. ಆ ಜಾಗದಲ್ಲಿ ದೊಡ್ಡ ಕಟ್ಟೆ ಬೇಕು ಅಂತ ಟಿಪ್ಪು ಬಯಸಿದ್ದನಾ? ಹೌದು, ಕಲ್ಲೇ ಸಾಕ್ಷಿ. ಈಗಿನ ಕಟ್ಟೆ ಅವನದಾ? ಅಲ್ಲ. ಅದನ್ನು ತೀರ್ಮಾನಿಸಿ, ದುಡ್ಡು ಹೊಂದಿಸಿ, ಮದ್ರಾಸಿನ ಜೊತೆ ಗುದ್ದಾಡಿ ಕಟ್ಟಿಸಿದ ಸರ್ಕಾರ ಯಾರದು? ನಾಲ್ವಡಿಯವರದು. ಎಂಜಿನಿಯರ್ ಯಾರು? ವಿಶ್ವೇಶ್ವರಯ್ಯ ಮತ್ತು ಅವರ ಕೆಳಗೆ ದುಡಿದ ದೊಡ್ಡ ಪಡೆ.

ಈ ಉತ್ತರಗಳಲ್ಲಿ ಒಂದು ಇನ್ನೊಂದನ್ನು ಹೊಡೆದು ಹಾಕುವುದಿಲ್ಲ. ಸಚಿವರ ಮಾತಿನಲ್ಲಿ ತೊಂದರೆ ಎಲ್ಲಿದೆ ಅಂದರೆ, ಮೊದಲ ಪ್ರಶ್ನೆಯ ಉತ್ತರವನ್ನು ಎರಡನೆಯದಕ್ಕೂ ಅನ್ವಯಿಸಿದಂತೆ ಅದು ಕೇಳಿಸುತ್ತದೆ. ಶಾಸನ ಇರುವುದು ಹೊಸ ವಿಷಯವೂ ಅಲ್ಲ, ಮುಚ್ಚಿಟ್ಟ ವಿಷಯವೂ ಅಲ್ಲ, ಬಾಗಿಲಲ್ಲೇ ಅನುವಾದದ ಸಮೇತ ನಿಂತಿರುವಾಗ ಹೇಳುವುದಕ್ಕೆ ಧೈರ್ಯ ಯಾಕೆ ಬೇಕು? ಗೇಲಿ ಮಾಡಿದವರ ತೊಂದರೆ ಬೇರೆ ಥರ. 1799, 1911 ಎನ್ನುವ ಎರಡು ಇಸವಿ ಹಿಡಿದುಕೊಂಡು ಶಾಸನವೇ ಇಲ್ಲವೇನೋ ಎಂಬಂತೆ ಮಾತಾಡಿದರು. ಲೆಕ್ಕ ಸರಿ, ಆದರೆ ಎದುರಿಗೆ ಇರುವ ಸಾಕ್ಷಿಯನ್ನು ಓದದೆ ಮಾಡಿದ ಲೆಕ್ಕ.

ಟಿಪ್ಪು ಪರ ನಿಲ್ಲುವವರ ದೊಡ್ಡ ವಾದವನ್ನೂ ಕೇಳಬೇಕು. ಒಬ್ಬ ದೊರೆಯನ್ನು ಬರೀ ಕ್ರೂರಿ ಅಂತ ಚಿತ್ರಿಸುವಾಗ ಅವನ ನೀರಾವರಿ, ರೇಷ್ಮೆ, ಕಂದಾಯದ ಕೆಲಸಗಳನ್ನು ಅಳಿಸಲಾಗುತ್ತಿದೆ, ಅದನ್ನು ಸರಿಪಡಿಸುತ್ತಿದ್ದೇವೆ ಅನ್ನುವುದು ಅವರ ಮಾತು. ಎದುರು ಪಕ್ಷ ಹೇಳುವುದು, ಮತಕ್ಕಾಗಿ ಟಿಪ್ಪುವನ್ನು ಮೇಲೆತ್ತಲು ಒಡೆಯರ ಕೆಲಸವನ್ನು ಕಸಿಯುತ್ತಿದ್ದೀರಿ ಅಂತ. ಎರಡರಲ್ಲೂ ಹುರುಳಿದೆ. ಆದರೆ ಒಂದು ಅನ್ಯಾಯವನ್ನು ಸರಿ ಮಾಡಲು ಇನ್ನೊಂದು ತಪ್ಪು ಮಾಹಿತಿ ಸೇರಿಸಿದರೆ ಮೊದಲ ಅನ್ಯಾಯ ಸರಿಹೋಗುವುದಿಲ್ಲ. ಎದುರಿನವರಿಗೆ ಕೈಗೆ ಸುಲಭದ ಕಲ್ಲು ಸಿಗುತ್ತದೆ ಅಷ್ಟೆ.

ಒಡವೆ ಮಾರಿದ ಕಥೆ

ಮೈಸೂರಿನ ಯಾವ ಹಿರಿಯರನ್ನು ಕೇಳಿದರೂ ಹೇಳುತ್ತಾರೆ: ಕಟ್ಟೆಗೆ ದುಡ್ಡು ಸಾಲದೆ ಮಹಾರಾಜರು ಅರಮನೆಯ ಹೆಣ್ಣುಮಕ್ಕಳ ಒಡವೆ ಮಾರಿದರು. ಭಾಷಣಗಳಲ್ಲಿ, ಬ್ಯಾನರುಗಳಲ್ಲಿ, ರಾಜ್ಯೋತ್ಸವದ ಪ್ರಬಂಧಗಳಲ್ಲಿ ಇದು ಬರುತ್ತಲೇ ಇರುತ್ತದೆ. ಟಿಪ್ಪುವಿನ ಅಡಿಪಾಯಕ್ಕೆ ದಾಖಲೆ ತೋರಿಸಿ ಅನ್ನುವವರು ಈ ಕಥೆಗೂ ಅದೇ ದಾಖಲೆ ಕೇಳಬೇಕು ತಾನೇ? ಯಾವ ವರ್ಷ, ಎಷ್ಟು ಒಡವೆ, ಯಾರಿಗೆ ಮಾರಿದ್ದು, ಆ ಹಣ ಯಾವ ಲೆಕ್ಕದಲ್ಲಿ ಜಮಾ ಆಯಿತು? ಸಂಸ್ಥಾನ ಲೆಕ್ಕಪತ್ರ ಅಚ್ಚುಕಟ್ಟಾಗಿ ಇಟ್ಟ ಸರ್ಕಾರ. ಈ ಪ್ರಶ್ನೆಗಳಿಗೆ ಉತ್ತರ ಹುಡುಕಬೇಕಾದ್ದು ಆ ಕಡತಗಳಲ್ಲಿ.

ಇಲ್ಲಿ ನೀತಿಯ ಪ್ರಶ್ನೆ ಬರುತ್ತದೆ. ನಮಗೆ ಇಷ್ಟವಾದ ಕಥೆಗೆ ದಾಖಲೆ ಕೇಳುವುದು ಒರಟುತನ ಅನ್ನಿಸುತ್ತದೆ, ಇಷ್ಟವಿಲ್ಲದ್ದಕ್ಕೆ ಕೇಳದಿದ್ದರೆ ಮೂರ್ಖತನ ಅನ್ನಿಸುತ್ತದೆ. ನಾಲ್ವಡಿಯವರ ದೊಡ್ಡತನ ಒಡವೆಯ ಕಥೆಯ ಮೇಲೆ ನಿಂತಿಲ್ಲ. ಮಿಲ್ಲರ್ ಸಮಿತಿ ನೇಮಿಸಿ ಬ್ರಾಹ್ಮಣೇತರರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಸಿಗುವಂತೆ ಮಾಡಿದ್ದು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ತೆರೆದದ್ದು, ಕನ್ನಂಬಾಡಿಯ ದೊಡ್ಡ ಖರ್ಚಿಗೆ ಗಟ್ಟಿ ಮನಸ್ಸು ಮಾಡಿದ್ದು, ಇವೆಲ್ಲಕ್ಕೂ ಕಾಗದ ಇದೆ. ಕಾಗದ ಇರುವ ಕೆಲಸಗಳನ್ನು ಬಿಟ್ಟು ಕಾಗದ ತೋರಿಸಬೇಕಾದ ಕಥೆಯನ್ನೇ ಮುಂದೆ ಮಾಡುವುದು ಅವರಿಗೇ ಮಾಡುವ ಅನ್ಯಾಯ ಅಂತ ನನಗನ್ನಿಸುತ್ತದೆ.

ಮೇಲುಕೋಟೆಯ ನೆನಪು, ಉರಿಗೌಡನ ಹೆಸರು

ಹಾಗಾದರೆ ಕಾಗದ ಇಲ್ಲದ್ದೆಲ್ಲ ಸುಳ್ಳಾ? ಈ ಇಡೀ ಚರ್ಚೆಯಲ್ಲಿ ಕಷ್ಟದ ಪ್ರಶ್ನೆ ಇದೇ. ಉತ್ತರಕ್ಕೆ ಮಂಡ್ಯ ಜಿಲ್ಲೆಯಲ್ಲೇ ಎರಡು ಉದಾಹರಣೆ ಇವೆ.

ಮೇಲುಕೋಟೆಯ ಮಂಡಯಂ ಅಯ್ಯಂಗಾರ್ ಕುಟುಂಬಗಳಲ್ಲಿ ಹಲವು ನರಕ ಚತುರ್ದಶಿ ಆಚರಿಸುವುದಿಲ್ಲ. ಆ ದಿನ ಟಿಪ್ಪು ತಮ್ಮ ಪೂರ್ವಿಕರನ್ನು ಕೊಲ್ಲಿಸಿದ ಅನ್ನುವ ನೆನಪು ಆ ಮನೆಗಳಲ್ಲಿ ಇದೆ. ಮೈಸೂರು ಒಡೆಯರ ಮನೆತನದ ರಾಣಿ ಲಕ್ಷ್ಮಮ್ಮಣ್ಣಿಯ ಪರವಾಗಿ ತಿರುಮಲರಾಯ ಇಂಗ್ಲಿಷರ ಜೊತೆ ಮಾತುಕತೆ ನಡೆಸಿದ್ದಕ್ಕೆ ಅವನ ಬಂಧುಗಳ ಮೇಲೆ ಬಿದ್ದ ಸೇಡು ಇದು ಅಂತ ಕಥೆ. ಆ ಮಾತುಕತೆ ನಡೆದದ್ದಕ್ಕೆ ದಾಖಲೆ ಇದೆ. ಹತ್ಯೆ ಯಾವ ವರ್ಷ ಆಯಿತು, ಎಷ್ಟು ಜನ ಸತ್ತರು ಅನ್ನುವುದರಲ್ಲಿ ಹೇಳಿಕೆಗಳು ಒಂದಕ್ಕೊಂದು ಕೂಡುವುದಿಲ್ಲ.

2023ರ ಮಾರ್ಚಿನಲ್ಲಿ ಮಂಡ್ಯಕ್ಕೆ ಪ್ರಧಾನಿ ಬಂದಾಗ ಉರಿಗೌಡ, ನಂಜೇಗೌಡರ ಹೆಸರಿನ ಸ್ವಾಗತ ಕಮಾನು ಎದ್ದಿತು. ಟಿಪ್ಪುವನ್ನು ಕೊಂದದ್ದು ಇಂಗ್ಲಿಷರಲ್ಲ, ಈ ಇಬ್ಬರು ಒಕ್ಕಲಿಗ ವೀರರು ಎನ್ನುವ ಪ್ರಚಾರ ಅದರ ಹಿಂದೆ. ವಿರೋಧ ಬಂದು ಕಮಾನಿನ ಹೆಸರು ಬದಲಾಯಿತು. ಆಗ ಸಚಿವರಾಗಿದ್ದ ಮುನಿರತ್ನ ಇದೇ ಹೆಸರಲ್ಲಿ ಸಿನಿಮಾ ಮಾಡಲು ಹೊರಟರು. ಆದಿಚುಂಚನಗಿರಿ ಮಠದ ನಿರ್ಮಲಾನಂದನಾಥ ಸ್ವಾಮೀಜಿ, ಆಧಾರ ಇದ್ದರೆ ಮಠಕ್ಕೆ ತಂದುಕೊಡಿ, ತಿಳಿದವರು ನೋಡಲಿ, ಅಲ್ಲಿಯವರೆಗೆ ಗೊಂದಲ ಬೇಡ ಎಂದರು. ಸಿನಿಮಾ ಅಲ್ಲಿಗೇ ನಿಂತಿತು. ಚುನಾವಣೆ ಇದ್ದದ್ದು ಮೇ 10ಕ್ಕೆ.

ಈ ಹೆಸರುಗಳಿಗೆ ಜಾಗ ಸಿಕ್ಕಿದ್ದಾದರೂ ಹೇಗೆ? ಟಿಪ್ಪು ಸತ್ತ ದಿನದ ಬಗ್ಗೆ ಇಂಗ್ಲಿಷ್ ಅಧಿಕಾರಿಗಳು ಬರೆದಿಟ್ಟ ವಿವರ ಬೇಕಾದಷ್ಟಿದೆ. ಕೋಟೆಯ ಬಾಗಿಲ ಹತ್ತಿರ ಹೆಣಗಳ ರಾಶಿಯಲ್ಲಿ ಅವನ ದೇಹ ಸಿಕ್ಕಿತು. ಕತ್ತಿಯ ಪಟ್ಟಿಗೆ ಕೈ ಹಾಕಿದ ಸೈನಿಕನೊಬ್ಬ ಗುಂಡು ಹೊಡೆದ ಅಂತ ಅವರು ಬರೆದರು. ಆ ಸೈನಿಕ ಯಾರು ಅನ್ನುವುದು ಮಾತ್ರ ತಿಳಿಯಲಿಲ್ಲ. ದಾಖಲೆಯಲ್ಲಿ ಹೀಗೆ ಒಂದು ಸಣ್ಣ ಸಂದು ಉಳಿದಿದೆ. ಆ ಸಂದಿನೊಳಗೆ ಬೇಕಾದ ಹೆಸರು ತೂರಿಸುವುದು ಸುಲಭ.

ಎರಡೂ ಉದಾಹರಣೆಯಲ್ಲಿ ನೇರ ಕಾಗದ ಇಲ್ಲ ಅಥವಾ ಸಾಲದು. ಆದರೂ ಎರಡನ್ನೂ ಒಂದೇ ಸಾಲಿಗೆ ಸೇರಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಮೇಲುಕೋಟೆಯ ನೆನಪನ್ನು ಹೊತ್ತವರು ಅದಕ್ಕಾಗಿ ಏನನ್ನೋ ಬಿಟ್ಟುಕೊಟ್ಟಿದ್ದಾರೆ. ಊರೆಲ್ಲ ದೀಪ ಹಚ್ಚುವಾಗ ತಾವು ಹಚ್ಚದೆ ಕೂತಿದ್ದಾರೆ. ಯಾವ ಪಕ್ಷಕ್ಕೂ ಅದು ಬೇಕಾಗುವ ಮೊದಲೇ ಆ ರೂಢಿ ಮನೆಗಳಲ್ಲಿ ಇತ್ತು. ಅದು ಸತ್ತವರ ಸಂಖ್ಯೆಯನ್ನು ಸಾಬೀತು ಮಾಡುವುದಿಲ್ಲ, ಆದರೆ ಏನೋ ದೊಡ್ಡ ಪೆಟ್ಟು ಬಿದ್ದಿತ್ತು ಅನ್ನುವುದಕ್ಕೆ ತಳ್ಳಿಹಾಕಲಾಗದ ಸುಳಿವು. ಉರಿಗೌಡನ ಹೆಸರು ಊರೂರಿಗೆ ಬಂದದ್ದು ಚುನಾವಣೆಯ ಹೊಸ್ತಿಲಲ್ಲಿ, ಹೊತ್ತು ತಂದವರಿಗೆ ಅದರಿಂದ ಲಾಭವಿತ್ತು. ನೆನಪು ಎಷ್ಟು ಹಳೆಯದು, ಅದನ್ನು ಇಟ್ಟುಕೊಂಡವರಿಗೆ ಖರ್ಚೋ ಗಳಿಕೆಯೋ? ಕಾಗದ ಸಿಗದ ಕಡೆ ಕೇಳಲು ಈ ಎರಡು ಪ್ರಶ್ನೆಗಳಾದರೂ ಇವೆ.

ಇನ್ನೊಂದು ಕಡೆ ನೋಡಿ. 1791ರಲ್ಲಿ ಮರಾಠರ ದಂಡು ಶೃಂಗೇರಿಯನ್ನು ಲೂಟಿ ಮಾಡಿದಾಗ ಮಠಕ್ಕೆ ಟಿಪ್ಪು ನೆರವು ಕೊಟ್ಟ ಕನ್ನಡ ಪತ್ರಗಳಿವೆ. 1916ರಲ್ಲಿ ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಅವನ್ನು ಬೆಳಕಿಗೆ ತಂದರು. ಈ ಪತ್ರಗಳಿಂದ ಮೇಲುಕೋಟೆಯ ನೆನಪು ಸುಳ್ಳಾಗುವುದಿಲ್ಲ, ಆ ನೆನಪಿನಿಂದ ಪತ್ರಗಳೂ ಸುಳ್ಳಾಗುವುದಿಲ್ಲ. ಒಬ್ಬನೇ ದೊರೆ ಎರಡನ್ನೂ ಮಾಡಬಲ್ಲ. ಇದನ್ನು ಪರೀಕ್ಷೆಯಲ್ಲಿ ಬರೆದರೆ ಅಂಕ ಸಿಗುತ್ತದೆ. ಟಿವಿ ಚರ್ಚೆಯಲ್ಲಿ ಹೇಳಿದರೆ ಎರಡೂ ಕಡೆಯಿಂದ ಬೈಗುಳ ಸಿಗುತ್ತದೆ.

ಈ ಜಗಳ ಇಲ್ಲೇ ಯಾಕೆ ಇಷ್ಟು?

ಕಾರಣ ಮುಚ್ಚಿಟ್ಟದ್ದೇನಲ್ಲ. ಹಳೇ ಮೈಸೂರು ಭಾಗದಲ್ಲಿ ಒಕ್ಕಲಿಗರ ಮತ ದೊಡ್ಡದು. ಇಲ್ಲಿ ಬಹಳ ಕಾಲ ಪೈಪೋಟಿ ಇದ್ದದ್ದು ಕಾಂಗ್ರೆಸ್ ಮತ್ತು ಜೆಡಿಎಸ್ ನಡುವೆ, ಬಿಜೆಪಿಗೆ ಬೇರು ಬಿಡಲು ಒಂದು ಸ್ಥಳೀಯ ಕಥೆ ಬೇಕು. ಟಿಪ್ಪು ವಿರುದ್ಧ ಒಕ್ಕಲಿಗ ವೀರರು ಎನ್ನುವ ಚೌಕಟ್ಟು ಆ ಲೆಕ್ಕಕ್ಕೆ ಕೂರುತ್ತದೆ. ಕಾಂಗ್ರೆಸ್ಸಿಗೆ ಅಹಿಂದ (ಅಲ್ಪಸಂಖ್ಯಾತ, ಹಿಂದುಳಿದ, ದಲಿತ) ಮತಗಳನ್ನು ಹಿಡಿದಿಡಬೇಕು, ಟಿಪ್ಪು ಅಲ್ಲಿ ಗುರುತಾಗಿ ಕೆಲಸಕ್ಕೆ ಬರುತ್ತಾನೆ. ತಮಾಷೆ ಏನೆಂದರೆ ಮೀಸಲಾತಿಯ ಕಾರಣಕ್ಕೆ ನಾಲ್ವಡಿಯವರು ಹಿಂದುಳಿದವರಿಗೂ ಆರಾಧ್ಯ. ಹಾಗಾಗಿ ಅವರನ್ನು ತಗ್ಗಿಸುವಂತೆ ಕೇಳುವ ಯಾವ ಮಾತೂ ಕಾಂಗ್ರೆಸ್ಸಿನ ಸ್ವಂತ ಜನಕ್ಕೇ ನಾಟುತ್ತದೆ. ಈ ಸಲ ಆದದ್ದು ಅದೇ.

ಪುಸ್ತಕ, ರೈಲು, ರಸ್ತೆ

ಮಾತಿನ ಜಗಳ ಮಾತಿಗೇ ನಿಂತರೆ ನಷ್ಟವಿಲ್ಲ. ನಿಲ್ಲುವುದಿಲ್ಲವಲ್ಲ. ಸರ್ಕಾರ 2015ರಲ್ಲಿ ಟಿಪ್ಪು ಜಯಂತಿ ಶುರು ಮಾಡಿತು, ಮಡಿಕೇರಿಯಲ್ಲಿ ಗಲಭೆಯಾಗಿ ಜೀವ ಹೋಯಿತು. 2019ರಲ್ಲಿ ಬಂದ ಸರ್ಕಾರ ಜಯಂತಿ ರದ್ದು ಮಾಡಿತು. 2022ರ ಅಕ್ಟೋಬರಿನಲ್ಲಿ ಮೈಸೂರು ಬೆಂಗಳೂರು ನಡುವಿನ ಟಿಪ್ಪು ಎಕ್ಸ್‌ಪ್ರೆಸ್ ಒಡೆಯರ್ ಎಕ್ಸ್‌ಪ್ರೆಸ್ ಆಯಿತು. 2024ರ ಕೊನೆಯಲ್ಲಿ ಮೈಸೂರಿನ ಕೆಆರ್‌ಎಸ್ ರಸ್ತೆಯ ಒಂದು ಭಾಗಕ್ಕೆ ಸಿದ್ದರಾಮಯ್ಯ ಅವರ ಹೆಸರಿಡುವ ಪ್ರಸ್ತಾಪ ಬಂತು, ಅದು ಮೊದಲಿಂದಲೂ ಪ್ರಿನ್ಸೆಸ್ ರಸ್ತೆ ಅಂತ ವಿರೋಧ ಎದ್ದಿತು.

ಜಾಸ್ತಿ ಪೆಟ್ಟು ಬೀಳುವುದು ಪಠ್ಯಪುಸ್ತಕಕ್ಕೆ. 2022ರಲ್ಲಿ ರೋಹಿತ್ ಚಕ್ರತೀರ್ಥ ಸಮಿತಿಯ ಪರಿಷ್ಕರಣೆ ಬಂದಾಗ ಮೈಸೂರಿನ ದೇವನೂರ ಮಹಾದೇವ ತಮ್ಮ ಪಾಠಕ್ಕೆ ಕೊಟ್ಟ ಒಪ್ಪಿಗೆಯನ್ನೇ ವಾಪಸ್ ಪಡೆದರು. 2023ರ ಜೂನ್‌ನಲ್ಲಿ ಹೊಸ ಸರ್ಕಾರ ಹೆಡಗೇವಾರ್, ಸಾವರ್ಕರ್ ಕುರಿತ ಪಾಠಗಳನ್ನು ಕೈಬಿಟ್ಟಿತು. ಪುಸ್ತಕ ಆಗಲೇ ಅಚ್ಚಾಗಿ ಶಾಲೆಗೆ ಹೋಗಿದ್ದರಿಂದ ಪೂರಕ ಪುಟಗಳನ್ನು ಕೊಡಬೇಕಾಯಿತು. ಪರಿಣಾಮ ಏನಾಗುತ್ತದೆ ಯೋಚಿಸಿ. ಅಣ್ಣ ಓದಿದ ಪಾಠ ತಮ್ಮನಿಗೆ ಇಲ್ಲ. ಮೇಷ್ಟರು ಯಾವ ಪುಟ ಪರೀಕ್ಷೆಗೆ ಬರುತ್ತದೆ, ಯಾವುದು ಬರುವುದಿಲ್ಲ ಅಂತ ಸುತ್ತೋಲೆ ಹುಡುಕುತ್ತಾರೆ. ವಿವಾದದ ಪಾಠ ಬಂದರೆ ಸುಮ್ನೆ ಓದಿಸಿ ಮುಗಿಸುತ್ತಾರೆ, ಚರ್ಚೆಗೆ ಬಿಡುವುದಿಲ್ಲ, ಯಾಕೆಂದರೆ ಚರ್ಚೆಯ ವಿಡಿಯೊ ಎಲ್ಲಿಗೆ ಹೋಗುತ್ತದೋ ಅನ್ನುವ ಹೆದರಿಕೆ. ಸಾಕ್ಷಿಯನ್ನು ತೂಗುವುದನ್ನು ಕಲಿಯಬೇಕಾದ ತರಗತಿಯಲ್ಲಿ ಮಕ್ಕಳು ಕಲಿಯುವುದು, ಇತಿಹಾಸ ಅಂದರೆ ಈಗ ಯಾರು ಅಧಿಕಾರದಲ್ಲಿದ್ದಾರೋ ಅವರು ಹೇಳಿದ್ದು ಅಂತ.

ಜಗಳದ ಮರೆಗೆ ಸರಿದದ್ದು

ಇದೇ 2025ರಲ್ಲಿ ಕನ್ನಂಬಾಡಿಯ ಸುತ್ತ ಬೇರೆ ಸುದ್ದಿಗಳೂ ಇದ್ದವು. ಕಟ್ಟೆಯ ಚರಿತ್ರೆಯಲ್ಲೇ ಮೊದಲ ಸಲ ಜೂನ್ ತಿಂಗಳಲ್ಲಿ ನೀರು ಪೂರ್ತಿ ಮಟ್ಟವಾದ 124.80 ಅಡಿ ಮುಟ್ಟಿತು, ಜೂನ್ 30ಕ್ಕೆ ಮುಖ್ಯಮಂತ್ರಿ ಬಾಗಿನ ಕೊಟ್ಟರು. ಬೃಂದಾವನದಲ್ಲಿ ಅಮ್ಯೂಸ್‌ಮೆಂಟ್ ಪಾರ್ಕ್, ಕಾವೇರಿ ಆರತಿ ಬೇಡ ಅಂತ ರೈತ ಸಂಘಟನೆಗಳು ಪ್ರತಿಭಟಿಸಿದವು. ಕಟ್ಟೆಗೆ ಅಪಾಯ ಆದೀತು ಅನ್ನುವುದು ಅವರ ಭಯ. ಅದಕ್ಕೂ ಮುಂಚೆ, 2024ರ ಜನವರಿಯಲ್ಲಿ, ಕಟ್ಟೆಯ ಸುರಕ್ಷತೆಯ ಅಧ್ಯಯನ ಮುಗಿಯುವವರೆಗೆ 20 ಕಿಲೋಮೀಟರ್ ಸುತ್ತ ಗಣಿಗಾರಿಕೆ ಕೂಡದು ಅಂತ ಹೈಕೋರ್ಟ್ ಹೇಳಿತ್ತು. ಬೇಬಿ ಬೆಟ್ಟದ ಕಲ್ಲು ಗಣಿಯ ತಕರಾರು ಇದರ ಹಿಂದೆ ಇದೆ. ಪರೀಕ್ಷಾರ್ಥ ಸ್ಫೋಟ ಮಾಡಲು ಹೊರಟಾಗ ಪಾಂಡವಪುರದ ಕಡೆಯ ರೈತರು ಅಡ್ಡ ನಿಂತರು.

ಇಲ್ಲೂ ಇರುವುದು ಸಾಕ್ಷಿಯ ಪ್ರಶ್ನೆಯೇ. ಸ್ಫೋಟದ ಕಂಪನ ಕಟ್ಟೆಯ ಸುರ್ಕಿ ಗಾರೆಗೆ ಏನು ಮಾಡುತ್ತದೆ, ಅಳೆಯುವವರು ಯಾರು, ಅಳತೆಯ ವರದಿ ಜನರ ಕೈಗೆ ಸಿಗುತ್ತದಾ? ಕೆಆರ್‌ಎಸ್‌ನ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಹರಿಸಿದಾಗ ಮದ್ದೂರು, ಮಳವಳ್ಳಿಯ ಕೊನೆ ಭಾಗಕ್ಕೆ ಎಷ್ಟು ಬಂತು? ಈ ಲೆಕ್ಕಗಳನ್ನು ಕೇಳಿದರೆ ಯಾವ ಪಕ್ಷದ ಸರ್ಕಾರ ಇದ್ದರೂ ಮುಜುಗರ ಆಗುತ್ತದೆ. ಎರಡು ಶತಮಾನದ ಹಿಂದೆ ಸತ್ತ ದೊರೆಯ ಬಗ್ಗೆ ಕೇಳಿದರೆ ಯಾರಿಗೂ ಮುಜುಗರ ಇಲ್ಲ, ಮೈಕ್ ಹಿಡಿದರೆ ಉತ್ತರ ರೆಡಿ. ಸುರಕ್ಷತೆಯ ಅಧ್ಯಯನ ಎಲ್ಲಿಗೆ ಬಂತು ಅಂತ ಆಗಸ್ಟಿನ ಆ ಗಲಾಟೆಯಲ್ಲಿ ಸಚಿವರನ್ನು ಯಾರೂ ಕೇಳಲಿಲ್ಲವೆಂದರೂ ನಡೆಯುತ್ತದೆ, ಕೇಳಿದ್ದರೂ ಅದು ಮುಖಪುಟಕ್ಕೆ ಬರುತ್ತಿರಲಿಲ್ಲ.